ಕೋಲಾರ ಹೆದ್ದಾರಿಯ 60 ಕಿಲೋವ್ಯಾಟ್ ಫಾಸ್ಟ್ ಚಾರ್ಜರ್: ಎರಡು ವರ್ಷ ಬಳಸಿದ ಮೇಲೆ

ಎಲೆಕ್ಟ್ರಿಕ್ ಕಾರಿನ ಫಾಸ್ಟ್ ಚಾರ್ಜರ್ ಮೇಲೆ ಎಷ್ಟು ಕಿಲೋವ್ಯಾಟ್ ಅಂತ ಬರೆದಿದೆ ಅನ್ನೋದಕ್ಕಿಂತ, ಅದರ ಫಿಲ್ಟರ್ ಯಾರು ಕ್ಲೀನ್ ಮಾಡ್ತಾರೆ ಅನ್ನೋದು ಮುಖ್ಯ. ಕೋಲಾರದ ಹತ್ತಿರ ರಾಷ್ಟ್ರೀಯ ಹೆದ್ದಾರಿ 75ರ ಪಕ್ಕದ ಒಂದು ಹೋಟೆಲ್ ಆವರಣದಲ್ಲಿ ಕಾರಿಗೆ ಸಿಕ್ಕಿಸುವ ಎರಡು ಗನ್‌ಗಳ 60 ಕಿಲೋವ್ಯಾಟ್ ಡಿಸಿ ಚಾರ್ಜರ್ ಇದೆ, ಅಂದರೆ ಬ್ಯಾಟರಿಗೆ ನೇರವಾಗಿ ಡಿಸಿ ಕರೆಂಟ್ ಕೊಡುವಂಥದ್ದು. ಎರಡು ವರ್ಷದಿಂದ ಅದನ್ನೇ ನಂಬಿಕೊಂಡಿದ್ದೇನೆ. ಕಂಪನಿ ಹೆಸರು ಬೇಡ. ಇಂಥ ಮಷಿನ್ ಎಲ್ಲೇ ಇದ್ದರೂ ಈ ಮಾತು ಉಪಯೋಗಕ್ಕೆ ಬರುತ್ತದೆ.

ನನ್ನದು ಬಾಡಿಗೆ ಮನೆ, ಎರಡನೇ ಮಹಡಿ. ಕಾರು ನಿಲ್ಲುವುದು ರಸ್ತೆಯಲ್ಲಿ. ಹಾಗಾಗಿ ಮನೆಯಲ್ಲಿ ಚಾರ್ಜ್ ಮಾಡುವ ಮಾತೇ ಇಲ್ಲ. ಬೋರ್‌ವೆಲ್ ಪಂಪ್‌ಗಳ ಪ್ಯಾನೆಲ್ ಬೋರ್ಡ್ ರಿಪೇರಿ ನನ್ನ ಕೆಲಸ. ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ ಅಂತ ಓಡಾಟ ಇದ್ದೇ ಇರುತ್ತದೆ. ಈ ಚಾರ್ಜರ್ ಕೆಟ್ಟರೆ ಆ ದಿನದ ಕೆಲಸ ಕೆಟ್ಟ ಹಾಗೆ.

ಕಾರಿನ ಬ್ಯಾಟರಿ ಸುಮಾರು 40 ಯೂನಿಟ್‌ನದು. ಡಿಸಿಯಲ್ಲಿ 50 ಕಿಲೋವ್ಯಾಟ್‌ವರೆಗೆ ಎಳೆಯುತ್ತದೆ. ಬೇರೆ ಕಾರು ಇಲ್ಲದಿದ್ದರೆ 10ರಿಂದ 80 ಪರ್ಸೆಂಟ್ ಆಗಲು ಮುಕ್ಕಾಲು ಗಂಟೆ ಆಸುಪಾಸು ಸಾಕು. ಪಕ್ಕದ ಗನ್‌ಗೆ ಇನ್ನೊಂದು ಕಾರು ಬಂದರೆ 60 ಎರಡು ಪಾಲಾಗಿ 30–30 ಆಗುತ್ತದೆ. ಆಗ ಒಂದು ಗಂಟೆ ಬೇಕು. ಇದು ದೋಷ ಅಲ್ಲ, ಮಷಿನ್ ಮಾಡಿರುವುದೇ ಹಾಗೆ. ಆದರೆ ಬೋರ್ಡ್‌ನಲ್ಲಿ ಅದನ್ನೂ ಬರೆದಿದ್ದರೆ ಹೊಸಬರಿಗೆ ಗೊಂದಲ ಆಗುತ್ತಿರಲಿಲ್ಲ. ವಾರದ ಕೊನೆಯಲ್ಲಿ ತಿರುಪತಿಗೆ ಹೊರಟ ಬೆಂಗಳೂರಿನ ಕಾರುಗಳು ಬೆಳಗ್ಗೆಯೇ ಸಾಲು ನಿಲ್ಲುತ್ತವೆ. 80 ದಾಟಿದ ಮೇಲೆ ಬ್ಯಾಟರಿಯೇ ಕಡಿಮೆ ಕರೆಂಟ್ ಕೇಳುತ್ತದೆ, ಕೊನೆಯ 20 ತುಂಬಲು ತುಂಬಾ ಹೊತ್ತು ಹಿಡಿಯುತ್ತದೆ. ಹಿಂದೆ ಜನ ಕಾಯುತ್ತಿದ್ದರೆ ದಯವಿಟ್ಟು 80ಕ್ಕೆ ಗನ್ ಬಿಟ್ಟುಕೊಡಿ.

ಇನ್ನು ಧೂಳಿನ ವಿಷಯ. ಈ ಮಷಿನ್ ಒಳಗೆ 30 ಕಿಲೋವ್ಯಾಟ್‌ನ ಎರಡು ಪವರ್ ಮಾಡ್ಯೂಲ್ ಇವೆ. 415 ವೋಲ್ಟ್‌ನ ತ್ರೀ ಫೇಸ್ ಎಸಿಯನ್ನು ಡಿಸಿ ಮಾಡಿ ಬ್ಯಾಟರಿಗೆ ಕೊಡುವುದು ಅವೇ. ಕೆಲಸ ಮಾಡುವಾಗ ಚೆನ್ನಾಗಿ ಬಿಸಿಯಾಗುತ್ತವೆ. ಅವನ್ನು ತಣ್ಣಗಿಡುವುದು ಫ್ಯಾನ್. ಫ್ಯಾನ್‌ಗೆ ಗಾಳಿ ಬರುವುದು ಫಿಲ್ಟರ್ ಮೂಲಕ. ಮಾರ್ಚ್ ಬಂತೆಂದರೆ ನಮ್ಮ ಕಡೆ ಕೆಂಪು ಧೂಳು ಏಳುತ್ತದೆ, ಅದರ ಮೇಲೆ ಟೊಮೆಟೊ ಲಾರಿಗಳ ಓಡಾಟ ಬೇರೆ. ಫಿಲ್ಟರ್ ಕಟ್ಟಿಕೊಂಡರೆ ಮಷಿನ್ ಸುಟ್ಟುಹೋಗದಿರಲಿ ಅಂತ ತಾನೇ ಪವರ್ ಇಳಿಸಿಕೊಳ್ಳುತ್ತದೆ. ಮೊದಲ ಬೇಸಿಗೆಯಲ್ಲಿ ಮಧ್ಯಾಹ್ನ ಹೊತ್ತು 20 ಕಿಲೋವ್ಯಾಟ್ ಸಿಕ್ಕರೆ ಹೆಚ್ಚು. ಸ್ಕ್ರೀನ್ ಮೇಲೆ ಎರರ್ ಇಲ್ಲ, ಆ್ಯಪ್‌ನಲ್ಲೂ ಎಲ್ಲಾ ಸರಿ ಅಂತಲೇ ಕಾಣುತ್ತಿತ್ತು. ಫ್ಯಾನ್ ಮಾತ್ರ ಜೋರಾಗಿ ಕೂಗುತ್ತಿತ್ತು. ಪರಿಚಯದ ಟ್ಯಾಕ್ಸಿಯವರೊಬ್ಬರು ಬ್ಯಾಟರಿಯೇ ಹೋಯಿತು ಅಂತ ಹೆದರಿ ಕಾರನ್ನು ಶೋರೂಮಿಗೆ ಒಯ್ದರು. ಹೆಲ್ಪ್‌ಲೈನ್‌ಗೆ ಫೋನ್ ಮಾಡಿದರೆ ಅಲ್ಲಿಂದಲೇ ರೀಸೆಟ್ ಮಾಡುತ್ತಿದ್ದರು. ರೀಸೆಟ್ ಮಾಡಿದರೆ ಧೂಳು ಹೋಗುತ್ತದಾ? ಕೊನೆಗೆ ಒಂದು ಮಾಡ್ಯೂಲ್ ಸತ್ತೇ ಹೋಯಿತು. ವಾರಗಟ್ಟಲೆ 60ರ ಮಷಿನ್ 30ರಲ್ಲೇ ಓಡಿತು, ರೇಟು ಮಾತ್ರ ಅದೇ.

ಆಗ ನಮ್ಮನ್ನು ಕಾಪಾಡಿದ್ದು ಹೋಟೆಲ್‌ನ ವಾಚ್‌ಮನ್. "ಆ ಕಡೆ ಗನ್ ಹಾಕ್ಕೋಬೇಡಿ ಸಾರ್, ಅರ್ಧಕ್ಕೇ ನಿಂತೋಗ್ತದೆ" ಅಂತ ಮೊದಲೇ ಹೇಳುತ್ತಿದ್ದರು. ಜನ ನೆಲಕ್ಕೆ ಬಿಸಾಕಿ ಹೋದ ಗನ್ ಎತ್ತಿ, ಒರೆಸಿ, ಹೋಲ್ಡರ್‌ಗೆ ಸಿಕ್ಕಿಸುತ್ತಿದ್ದರು. ಇಲ್ಲಿರುವುದು ಸಿಸಿಎಸ್2 ಅನ್ನುವ ಮಾದರಿಯ ಗನ್, ಅದರ ಎರಡು ದೊಡ್ಡ ಪಿನ್‌ಗಳ ಹತ್ತಿರ ಟೆಂಪರೇಚರ್ ಸೆನ್ಸರ್ ಇರುತ್ತದೆ. ಮಣ್ಣು ಕೂತು ಕಾಂಟ್ಯಾಕ್ಟ್ ಸಡಿಲವಾದರೆ ಪಿನ್ ಬಿಸಿಯಾಗಿ ಚಾರ್ಜಿಂಗ್ ಕಟ್ ಆಗುತ್ತದೆ. ಎಡಗಡೆ ಗನ್‌ಗೆ ಆಗಿದ್ದೂ ಅದೇ, ಆಮೇಲೆ ಬದಲಾಯಿಸಿದರು. ಇನ್ನೊಂದು ವಿಷಯ ಗೊತ್ತಿರಲಿ: ಮಷಿನ್ ಪೂರ್ತಿ ಸತ್ತಂತೆ ಕಂಡರೆ ಕೆಂಪು ಎಮರ್ಜೆನ್ಸಿ ಬಟನ್ ನೋಡಿ. ಯಾರಾದರೂ ಒತ್ತಿ ಹೋಗಿದ್ದರೆ ಅದು ಒಳಗೇ ಇರುತ್ತದೆ. ಆಗಿರುವುದು ಅಷ್ಟೇ ಅಂತ ಖಾತ್ರಿ ಮಾಡಿಕೊಂಡು ತಿರುಗಿಸಿ, ಹೊರಗೆ ಬರುತ್ತದೆ.

ಎರಡನೇ ವರ್ಷ ಕಂಪನಿಯವರು ಇಲ್ಲೇ ಸುತ್ತಮುತ್ತ ಓಡಾಡುವ ಟೆಕ್ನೀಷಿಯನ್ ಒಬ್ಬರನ್ನು ಇಟ್ಟರು. ತಿಂಗಳಿಗೊಮ್ಮೆ ಫಿಲ್ಟರ್ ಬಿಚ್ಚಿ ಕ್ಲೀನ್ ಮಾಡುತ್ತಾರೆ, ಹೊಸ ಮಾಡ್ಯೂಲ್ ಕೂಡ ಬಂತು. ಈ ಬೇಸಿಗೆಯಲ್ಲಿ ಉರಿಬಿಸಿಲಲ್ಲೂ 45ರ ಮೇಲೆ ಸಿಕ್ಕಿತು. ಮಷಿನ್ ಅದೇ, ಜಾಗ ಅದೇ, ಧೂಳೂ ಅದೇ.

ಮೂರರಲ್ಲಿ ಒಂದು ಫೇಸ್ ಹೋದರೆ ಅಥವಾ ವೋಲ್ಟೇಜ್ ತುಂಬಾ ಇಳಿದರೆ, ಪಂಪ್ ಪ್ಯಾನೆಲ್‌ನಲ್ಲಿ ಮೋಟಾರ್ ಕಾಯುವ ಪ್ರಿವೆಂಟರ್ ಟ್ರಿಪ್ ಆಗುವ ಹಾಗೆ ಈ ಚಾರ್ಜರ್ ಕೂಡ ನಿಲ್ಲುತ್ತದೆ. ಇಲ್ಲಿ ಚಾರ್ಜರ್‌ಗೆಂದೇ ಟ್ರಾನ್ಸ್‌ಫಾರ್ಮರ್ ಹಾಕಿರುವುದರಿಂದ ಆ ಕಾಟ ಕಡಿಮೆ. ಮಳೆಗೂ ಹೆದರಬೇಕಿಲ್ಲ. ಗನ್ ಲಾಕ್ ಆಗಿ, ಕರೆಂಟ್ ಎಲ್ಲೂ ಸೋರುವುದಿಲ್ಲ ಅಂತ ನೋಡುವ ಇನ್ಸುಲೇಷನ್ ಪರೀಕ್ಷೆ ಪಾಸಾದ ಮೇಲೇ ಕರೆಂಟ್ ಹರಿಯುವುದು. ನಾವು ನೆನೆಯುತ್ತೇವೆ, ಅಷ್ಟೇ.

ದುಡ್ಡಿನ ಲೆಕ್ಕ ಹಾಕುವಾಗ 18 ಪರ್ಸೆಂಟ್ ಜಿಎಸ್‌ಟಿ ಮರೆಯಬೇಡಿ. ಯೂನಿಟ್‌ಗೆ 20 ರೂಪಾಯಿ ಅಂತ ತೋರಿಸಿ ಮೇಲೆ ತೆರಿಗೆ ಹಾಕಿದರೆ ಕೈಯಿಂದ ಹೋಗುವುದು 23 ರೂಪಾಯಿ 60 ಪೈಸೆ. ಆ್ಯಪ್ ವಾಲೆಟ್‌ನಲ್ಲಿ ಜಾಸ್ತಿ ದುಡ್ಡು ಸುಮ್ನೆ ಇಡಬೇಡಿ, ವಾಪಸ್ ಬರಲು ಬಹಳ ದಿನ ಆಗುತ್ತದೆ.

ಮೊದಲ ವರ್ಷಕ್ಕೆ 5ರಲ್ಲಿ 2 ಕೊಡುತ್ತಿದ್ದೆ, ಈಗ 4. ಮೇಲೆ ಒಂದು ಶೀಟ್ ಹಾಕಿಸಿ, ಆ ವಾಚ್‌ಮನ್‌ಗೆ ಗನ್ ನೋಡಿಕೊಳ್ಳಲು ತಿಂಗಳಿಗೆ ಇಷ್ಟು ಅಂತ ಕೊಡಿ ಎಂದು ಕಂಪನಿಗೆ ಬರೆದಿದ್ದೇನೆ. ಶೀಟ್ ತಡವಾದರೂ ಪರವಾಗಿಲ್ಲ, ಅವರಿಗೆ ದುಡ್ಡು ಕೊಡುವುದು ಮೊದಲು ಆಗಲಿ.