ಗಿಡದ ಸಾರದ ಪರೀಕ್ಷೆ: ಅಗಾರ್ ತಟ್ಟೆಯೋ, ದ್ರವ ಮಾಧ್ಯಮವೋ?

ಔಷಧೀಯ ಸಸ್ಯದ ಸಾರ ಬ್ಯಾಕ್ಟೀರಿಯಾವನ್ನು ತಡೆಯುತ್ತದೆಯೇ ಎಂದು ನೋಡಲು ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಮಾಧ್ಯಮ) ತಟ್ಟೆ ಸಾಕೇ, ದ್ರವ ಮಾಧ್ಯಮವೇ ಬೇಕೇ ಎಂದು ಕೇಳಿದ್ದೀರಿ.

ಖರ್ಚಿನಲ್ಲಿ ತಟ್ಟೆಯದೇ ಮೇಲುಗೈ. 6 ಮಿಲಿಮೀಟರ್ ಕಾಗದದ ಬಿಲ್ಲೆಗೆ ಸಾರ ಹೀರಿಸಿ, ಬ್ಯಾಕ್ಟೀರಿಯಾ ಸವರಿದ ಅಗಾರ್ ಮೇಲಿಟ್ಟರೆ, ಮರುದಿನ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯವನ್ನು ಅಳೆಯಲು ಅಳತೆಪಟ್ಟಿ ಸಾಕು. ಹೆಚ್ಚು ಸಾರ ಹಾಕಬೇಕಿದ್ದರೆ ಬಿಲ್ಲೆಯ ಬದಲು ಅಗಾರ್‌ನಲ್ಲೇ ಗುಳಿ ಕೊರೆಯಬಹುದು.

ನಿಖರತೆಯ ಮಾತು ಬೇರೆ. ನೀರಿನಲ್ಲಿ ಕರಗದ, ಎಣ್ಣೆಯಂಥ ಘಟಕಗಳು ಅಗಾರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ. ಚಿಕ್ಕ ವಲಯ ಕಂಡ ಮಾತ್ರಕ್ಕೆ ಆ ಗಿಡವನ್ನು ತಳ್ಳಿಹಾಕುವುದು ಅನ್ಯಾಯ. ವಲಯದ ಗಾತ್ರ ನೋಡಿ ಎರಡು ಗಿಡಗಳ ಶಕ್ತಿಯನ್ನು ಹೋಲಿಸುವುದನ್ನಂತೂ ನಾನು ಒಪ್ಪುವುದಿಲ್ಲ. ದ್ರವ ಮಾಧ್ಯಮ ತುಂಬಿದ 96 ಗುಳಿಗಳ ಪ್ಲೇಟ್‌ನಲ್ಲಿ ಸಾರವನ್ನು ಪ್ರತಿ ಸಲ ಅರ್ಧಕ್ಕೆ ಇಳಿಸುತ್ತ ಹೋದರೆ, ಬೆಳವಣಿಗೆ ತಡೆಯುವ ಕನಿಷ್ಠ ಪ್ರಮಾಣ ಅಂಕಿಯಲ್ಲೇ ಸಿಗುತ್ತದೆ. ಕಡುಹಸಿರು ಸಾರದಲ್ಲಿ ಬ್ಯಾಕ್ಟೀರಿಯಾ ಬೆಳೆದ ಮಬ್ಬು ಕಾಣದಿದ್ದರೆ ರೆಸಜುರಿನ್ ಎಂಬ ನೀಲಿ ಬಣ್ಣದ್ರವ್ಯ ಹಾಕಿ: ಜೀವಂತ ಬ್ಯಾಕ್ಟೀರಿಯಾ ಇದ್ದಲ್ಲಿ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಸಾರವೇ ಬಣ್ಣ ಬದಲಿಸೀತು, ಬ್ಯಾಕ್ಟೀರಿಯಾ ಇಲ್ಲದ ಗುಳಿಯೊಂದನ್ನೂ ಇಡಿ.

ಹತ್ತಾರು ಗಿಡಗಳನ್ನು ಜರಡಿ ಹಿಡಿಯಲು ತಟ್ಟೆ. ಆಯ್ದ ಕೆಲವನ್ನು ಅಳೆಯಲು, ಅಥವಾ ಸಾರ ತೀರಾ ಕಡಿಮೆ ಇದ್ದಾಗ, ಪ್ಲೇಟ್. ಎರಡರಲ್ಲೂ ಸಾರ ತೆಗೆಯಲು ಬಳಸಿದ ದ್ರಾವಕವನ್ನಷ್ಟೇ ಹಾಕಿದ ನಿಯಂತ್ರಣ (ಹೋಲಿಕೆಗೆ ಇಡುವ ಪರೀಕ್ಷೆ) ಬೇಕೇ ಬೇಕು; ಎಥನಾಲ್ ತಾನೇ ಬ್ಯಾಕ್ಟೀರಿಯಾವನ್ನು ಕೊಲ್ಲಬಲ್ಲದು.