ಕೆರೆ ಹುಳ ಹಿಡಿಯುವ ಕೈಬಲೆ: ಬಲೆ ಚೆನ್ನ, ಹಿಡಿ ದಂಡ

ಎರಡು ತಿಂಗಳಿಂದ ಈ ಕೈಬಲೆ ಬಳಸುತ್ತಿದ್ದೇನೆ. ಕಣ್ಣು 1 ಮಿ.ಮೀ., ನೀರು ಸರಾಗವಾಗಿ ಇಳಿದುಹೋಗುತ್ತದೆ, ಹುಳ ಒಳಗೇ ಉಳಿಯುತ್ತದೆ. ಜೊತೆಗೆ ಬಂದ ಬಿಳಿ ತಟ್ಟೆಯೇ ನನಗೆ ಜಾಸ್ತಿ ಇಷ್ಟ. ಮೊದಲ ದಿನ ತಟ್ಟೆಗೆ ಸುರಿದದ್ದು ಬರೀ ಕೊಳೆತ ಎಲೆ ಅಂದುಕೊಂಡು ಸುಮ್ನೆ ಚೆಲ್ಲಲು ಹೋದೆ, ಅಷ್ಟರಲ್ಲಿ ಒಂದು ‘ಎಲೆಚೂರು’ ತನ್ನ ಹಿಂಭಾಗದಿಂದ ನೀರು ಚಿಮ್ಮಿಸಿ ಮುಂದಕ್ಕೆ ನುಗ್ಗಿತು. ಏರೋಪ್ಲೇನ್ ಚಿಟ್ಟೆಯ ಮರಿ! ಮಡಚಿಟ್ಟ ಕೆಳತುಟಿ ಚಾಚಿ ಸೊಳ್ಳೆಮರಿ ಹಿಡಿದದ್ದನ್ನೂ ನೋಡಿದೆ. ತೊರೆಯಲ್ಲಿ ಮೂರು ಬಾಲದ ಮೇಫ್ಲೈ (ಮರಿಯಾಗಿ ನೀರಲ್ಲೇ ಬೆಳೆಯುವ ಒಂದು ಹಾರುವ ಹುಳ) ಮರಿಗಳು ಸಿಕ್ಕವು (ಅವು ಇದ್ದರೆ ಸಾಮಾನ್ಯವಾಗಿ ನೀರಿನಲ್ಲಿ ಆಮ್ಲಜನಕ ಚೆನ್ನಾಗಿದೆ ಅಂತ, ಅಲ್ವಾ). ಹಿಡಿ ಮಾತ್ರ ಬೇಸರ. ಕೆಸರಿಗೆ ಸ್ವಲ್ಪ ಒತ್ತಿದರೂ ಬಲೆಯ ಬಾಯಿಯ ಬಳೆಗೆ ಸೇರುವ ಕಡೆ ತಿರುಗಿಬಿಡುತ್ತದೆ, ಟೇಪ್ ಸುತ್ತಿ ನಡೆಸುತ್ತಿದ್ದೇನೆ. ಬಲೆ ಒಣಗಲೂ ತುಂಬಾ ಹೊತ್ತು ಬೇಕು, ಒಂದು ಕೆರೆಯ ಜೀವಿ, ರೋಗ ಇನ್ನೊಂದಕ್ಕೆ ಹೋಗಬಾರದು ಅಂತ ಒಣಗದೆ ಬೇರೆ ಕೆರೆಗೆ ಇಳಿಸುವ ಹಾಗಿಲ್ಲವಲ್ಲ.