ನ್ಯೂಯಾರ್ಕೋ ಶಿಕಾಗೋನೋ: ಶಾಲೆಯ ಗಂಟು ಯಾರ ಕೈಯಲ್ಲಿ?

ಕೆಲಸ ಎರಡೂ ಊರಲ್ಲಿ ಸಿಕ್ಕಿದೆ, ಮಕ್ಕಳನ್ನು ಸರ್ಕಾರಿ ಶಾಲೆಗೇ ಸೇರಿಸುತ್ತೀರಿ ಎಂದಾದರೆ, ಕಟ್ಟಡಕ್ಕಿಂತ ಮೊದಲು ಯಜಮಾನಿಕೆ ನೋಡಿ.

ನ್ಯೂಯಾರ್ಕ್‌ನಲ್ಲಿ 2002ರಿಂದ ಮೇಯರ್‌ದೇ ಹಿಡಿತ. ಶಾಲಾ ಇಲಾಖೆಗೆ ಸ್ವಂತ ತೆರಿಗೆ ಹಾಕುವ ಅಧಿಕಾರವಿಲ್ಲ. ಅದರ ಖರ್ಚು ನಗರದ ಬಜೆಟ್ಟಿನೊಳಗೇ.

ಶಿಕಾಗೋ ಕಥೆ ಗೋಜಲು. ಅಲ್ಲೂ 1995ರಿಂದ ಮೇಯರ್ ದರ್ಬಾರೇ ಇತ್ತು. 2024ರ ನವೆಂಬರಿನಲ್ಲಿ ಮತದಾರರು ಮೊದಲ ಬಾರಿಗೆ ಶಾಲಾ ಮಂಡಳಿಯ 21 ಸ್ಥಾನಗಳಲ್ಲಿ 10ಕ್ಕೆ ಸದಸ್ಯರನ್ನು ಆರಿಸಿದರು. ಉಳಿದ 11 ಮೇಯರ್ ನೇಮಕ. 2027ರ ಜನವರಿಯಿಂದ ಇಡೀ ಮಂಡಳಿ ಚುನಾಯಿತವಾಗಿರಬೇಕು ಎನ್ನುತ್ತದೆ ಕಾನೂನು. ಆಸ್ತಿ ತೆರಿಗೆಯನ್ನು ಶಾಲಾ ಆಡಳಿತವೇ ವಿಧಿಸುತ್ತದೆ, ಆದರೆ ಏರಿಕೆಗೆ ಮಿತಿಯಿದೆ. ಮೇಲಿಂದ ಶಿಕ್ಷಕರ ಪಿಂಚಣಿ, ಹಳೇ ಸಾಲದ ಬಡ್ಡಿ. ಮನೆ ಕೊಳ್ಳುವವರಿಗೆ ಆ ತೆರಿಗೆಯ ಬಿಸಿ ನೇರವಾಗಿಯೇ ತಟ್ಟುತ್ತದೆ.

ಸಭೆಗೆ ಹೋಗಿ ಜಗಳವಾಡುವ ಉಮೇದಿದ್ದರೆ ಶಿಕಾಗೋ. ನನಗಂತೂ ನ್ಯೂಯಾರ್ಕೇ ಸಾಕು. ಎಡವಟ್ಟಾದರೆ ಒಬ್ಬರನ್ನೇ ಹಿಡಿದು ಕೇಳಬಹುದು.